ನಮ್ಮ ದೇವರ ಬಾಗಿಲಲ್ಲಿ ‘ನಾಳೆ ಬಾ’ ಎಂಬ ಬರಹವಿಲ್ಲ

(ದೈವಕರುಣೆಯ ಭಾನುವಾರದ ಪ್ರಬೋಧನೆ. ಶುಭಸಂದೇಶ: ಯೊವಾನ್ನ 20:19-31)



ನಮ್ಮಲ್ಲಿ ನಲವತ್ತು ದಾಟಿದವರಿಗೆ ಒಂದು ಸಂಗತಿ ನೆನಪಿರಬಹುದು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಅನೇಕ ಹಳ್ಳಿಗಳಲ್ಲೂ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ದೆವ್ವವೊಂದು ಗುರುತಿನವರ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದೆ, ಈ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ ಕಂಡು ಹೋಗುತ್ತದೆ ಎಂಬ ನಂಬಿಕೆ. ಇಂದು ನೆನೆದರೆ ನಗು ಬರುತ್ತದೆ. ಆದರೆ ಆ ಎರಡು ಪದಗಳಲ್ಲಿ ಒಂದು ದೊಡ್ಡ ಜಾಣತನ ಅಡಗಿದೆ. ಅಲ್ಲಿ ‘ಬರಬೇಡ’ ಎಂದು ಬರೆದಿಲ್ಲ, ‘ನಾಳೆ ಬಾ’ ಎಂದು ಬರೆದಿದೆ. ಆ ನಾಳೆಯಾದರೋ ಎಂದಿಗೂ ಬರುವುದಿಲ್ಲ. ಯಾರನ್ನಾದರೂ ಬೈಯದೆ, ನೋಯಿಸದೆ, ಮರ್ಯಾದೆಯಿಂದಲೇ ಶಾಶ್ವತವಾಗಿ ಹೊರಗಿಡಬೇಕಾದರೆ ಇದಕ್ಕಿಂತ ಸುಲಭದ ದಾರಿ ಬೇರೊಂದಿಲ್ಲ.

ಇಂದಿನ ಶುಭಸಂದೇಶದಲ್ಲೂ ಒಂದು ಮುಚ್ಚಿದ ಬಾಗಿಲಿದೆ. ಒಳಗೆ ಶಿಷ್ಯರು ಭಯದಿಂದ ಅಡಗಿ ಕುಳಿತಿದ್ದಾರೆ. ಯೆಹೂದ್ಯರ ಅಧಿಕಾರಿಗಳ ಭಯ ಅವರಿಗಿತ್ತು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಅದರ ಜೊತೆಗೆ ಇನ್ನೊಂದು ಭಯವೂ ಇದ್ದಿರಬೇಕೆಂದು ನಮಗೆ ತೋಚುತ್ತದೆ. ಏಕೆಂದರೆ ಅಲ್ಲಿ ಕುಳಿತವರು ಯಾರು? ಗುರುವನ್ನು ಹಿಡಿದಾಗ ಓಡಿಹೋದವರು. ಪ್ರಾಣ ಕೊಡುತ್ತೇನೆಂದು ಮಾತು ಕೊಟ್ಟು, ದಾಸಿಯೊಬ್ಬಳ ಪ್ರಶ್ನೆಗೆ ಹೆದರಿ ‘ಆತನನ್ನು ನಾನರಿಯೆ’ ಎಂದು ಮೂರು ಬಾರಿ ನಿರಾಕರಿಸಿದ ಪೇತ್ರ ಅವರಲ್ಲಿ ಮೊದಲಿಗ. ಗುರು ಬದುಕಿದ್ದಾರೆಂಬ ಸುದ್ದಿಯನ್ನು ಮಗ್ದಲದ ಮರಿಯಳು ಆಗಲೇ ತಂದು ಮುಟ್ಟಿಸಿದ್ದಳು. ಕೈಬಿಟ್ಟು ಓಡಿದವರಿಗೆ ಆ ಸುದ್ದಿ ಬರೀ ಸಂತೋಷದ್ದಾಗಿರಲು ಸಾಧ್ಯವೇ? ಅವರು ಬಂದರೆ ಏನು ಕೇಳುವರು, ನಾವು ಯಾವ ಮುಖ ಹೊತ್ತು ಉತ್ತರಿಸುವುದು ಎಂಬ ಅಳುಕು ಇದ್ದೇ ಇದ್ದಿರಬೇಕು.

ಯೇಸುಸ್ವಾಮಿ ಬಂದರು. ಯಾವಾಗ ಬಂದರು ಎಂಬುದನ್ನು ಗಮನಿಸಿರಿ. ಪುನರುತ್ಥಾನವಾದ ಅದೇ ದಿನ, ಅದೇ ಸಂಜೆ. ಶಿಷ್ಯರು ಕ್ಷಮೆ ಕೇಳಿಕೊಂಡು ತಮ್ಮಲ್ಲಿಗೆ ಬರಲಿ ಎಂದು ಕಾಯಲಿಲ್ಲ, ಒಂದು ತಿಂಗಳು ಅವರು ಪಶ್ಚಾತ್ತಾಪದಲ್ಲಿ ಬೇಯಲಿ ಎಂದು ಬಿಡಲಿಲ್ಲ. ಮುಚ್ಚಿದ ಬಾಗಿಲನ್ನು ದಾಟಿ ಬಂದು ನಡುವೆ ನಿಂತರು. ಅವರ ಬಾಯಿಂದ ಬಂದ ಮೊದಲ ಮಾತು ಶಾಂತಿಯ ಹರಕೆ. ಆ ಗುರುವಾರ ರಾತ್ರಿ ಎಲ್ಲಿ ಹೋಗಿದ್ದಿರಿ ಎಂಬ ಒಂದೇ ಒಂದು ಪ್ರಶ್ನೆಯೂ ಇಲ್ಲ. ಅಷ್ಟೇ ಅಲ್ಲ, ಅದೇ ಸಂಜೆ ಪವಿತ್ರಾತ್ಮರನ್ನು ಅವರ ಮೇಲೆ ಊದಿ, ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಅವರ ಕೈಗಿತ್ತರು. ಪ್ರಿಯರೇ, ಪಾಪನಿವೇದನೆಯ ಸಂಸ್ಕಾರ ಹುಟ್ಟಿದ್ದು ಆಗತಾನೆ ಕ್ಷಮೆ ಪಡೆದವರ ನಡುವೆ. ಗುರುಗಳಾದ ನಾವು ಇದನ್ನು ಎಂದೂ ಮರೆಯಬಾರದು.

ದೇವರ ಕರುಣೆಯ ಗಡಿಯಾರದಲ್ಲಿ ಇರುವುದು ‘ಇಂದು’ ಎಂಬ ಒಂದೇ ಗಂಟೆ. ಸಂತ ಲೂಕರ ಶುಭಸಂದೇಶವನ್ನು ಮನೆಯಲ್ಲಿ ಬಿಡುವಾಗಿ ಓದಿ ನೋಡಿರಿ. ಬೆತ್ಲೆಹೇಮಿನ ಕುರುಬರಿಗೆ ದೇವದೂತನು ಸಾರಿದ್ದು, ಇಂದು ನಿಮಗೊಬ್ಬ ಉದ್ಧಾರಕ ಹುಟ್ಟಿದ್ದಾನೆ ಎಂದು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಪ್ರವಾದಿಯ ಗ್ರಂಥವನ್ನು ಓದಿ ಮುಗಿಸಿ ಹೇಳಿದ್ದು, ಇದು ಇಂದು ನೆರವೇರಿತು ಎಂದು. ಜೆರಿಕೋ ಪಟ್ಟಣದಲ್ಲಿ ಮರವೇರಿ ಕುಳಿತ ಸುಂಕದವರ ಮುಖಂಡ ಜಕ್ಕಾಯನಿಗೆ ಹೇಳಿದ್ದು, ಇಂದು ನಿನ್ನ ಮನೆಯಲ್ಲೇ ಉಳಿಯುತ್ತೇನೆ ಎಂದು. ಕೊನೆಗೆ ಶಿಲುಬೆಯ ಮೇಲೆ, ಉಸಿರಾಡಲೂ ಕಷ್ಟವಾದ ಹೊತ್ತಿನಲ್ಲಿ, ಪಕ್ಕದಲ್ಲಿ ತೂಗುತ್ತಿದ್ದ ಅಪರಾಧಿಗೆ ಸ್ವರ್ಗದ ಮಾತು ಕೊಟ್ಟದ್ದೂ ‘ಇಂದು’ ಎಂದೇ. ಆ ಮನುಷ್ಯನು ನಿಮ್ಮ ರಾಜ್ಯಕ್ಕೆ ಬಂದಾಗ ಯಾವಾಗಲಾದರೂ ನನ್ನನ್ನು ನೆನೆಯಿರಿ ಎಂದಷ್ಟೇ ಬೇಡಿದ್ದ. ಅವನು ಕೇಳಿದ್ದು ಎಂದೋ ಒಂದು ದಿನದ ನೆನಪು, ಸಿಕ್ಕಿದ್ದು ಆ ದಿನದ ಜೊತೆ.

ಈಗ ನಾವು ನಿಮ್ಮ ಮುಂದೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ಬಯಲುಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ಅಂದು ಪವಿತ್ರ ಶನಿವಾರ, ಮಧ್ಯಾಹ್ನ ಮೂರು ಗಂಟೆ. ರಾತ್ರಿಯ ಪಾಸ್ಖ ಜಾಗರಣೆಗೆ ಸಿದ್ಧತೆ ನಡೆದಿತ್ತು. ಮೈಕ್‌ಸೆಟ್ಟಿನವನು ಬಂದಿರಲಿಲ್ಲ, ಹೂವಿನವನು ಹೇಳಿದ ಲೆಕ್ಕವೇ ಬೇರೆ, ತಂದ ಹೂವೇ ಬೇರೆ. ಆಗ ಐವತ್ತರ ಆಸುಪಾಸಿನ ಒಬ್ಬಾತ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಕೈಯಲ್ಲೊಂದು ಬಟ್ಟೆಚೀಲ ಹಿಡಿದು ಬಂದು ನಿಂತ.

“ಸ್ವಾಮಿ, ಪಾಪನಿವೇದನೆ ಮಾಡ್ಬೇಕಿತ್ತು. ಹದಿನಾರು ವರ್ಷ ಆಯ್ತು,” ಅಂದ.

ನಾವು ಗಡಿಯಾರ ನೋಡಿದೆವು. “ಈಗ ಆಗೋದಿಲ್ಲಪ್ಪ. ಹಬ್ಬದ ಗಡಿಬಿಡಿ ಮುಗೀಲಿ. ನಾಳೆ ಬಾ,” ಅಂದೆವು.

“ಆಯ್ತು ಸ್ವಾಮಿ,” ಎಂದು ಕೈಮುಗಿದು ಹೋದ. ಜಾಗರಣೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಮಗೂ ಹಬ್ಬದ ಗದ್ದಲದಲ್ಲಿ ಅದು ಮರೆತುಹೋಯಿತು.

ಎಂಟು ದಿನಗಳ ಮೇಲೆ ಇದೇ ದೈವಕರುಣೆಯ ಭಾನುವಾರ ಬಂತು. ದೇವರ ಕರುಣೆಯ ಬಗ್ಗೆ ಅರ್ಧ ಗಂಟೆ ಪ್ರಬೋಧನೆ ಮಾಡಿದೆವು. ಪೂಜೆ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಬಂದು, “ಹೋದ ವಾರ ನನ್ನ ಮಗ ನಿಮ್ಮತ್ರ ಬಂದಿದ್ನಂತೆ ಸ್ವಾಮಿ. ನಾಳೆ ಬಾ ಅಂದ್ರಂತೆ. ಅವನು ಬೆಂಗಳೂರಿಗೆ ಹೊರಟುಹೋದ,” ಎಂದರು. ಆ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಸಂಜೆ ಅವರ ಮನೆಗೆ ಹೋದೆವು. ಮಗ ಗಾರೆ ಕೆಲಸದವನು. ಕುಡಿತಕ್ಕೆ ಬಿದ್ದು, ಹೆಂಡತಿಯ ತಾಳಿಯನ್ನೂ ಅಡವಿಟ್ಟು, ಚಿಕ್ಕ ಮಗಳನ್ನು ಬಿಟ್ಟು ಊರು ತೊರೆದಿದ್ದ. ಅತ್ತೆ ಸೊಸೆ ಇಬ್ಬರೂ ಕೂಲಿ ಮಾಡಿ ಆ ಮಗುವನ್ನು ಬೆಳೆಸಿದ್ದರು. ಇಷ್ಟು ವರ್ಷಗಳ ಮೇಲೆ ಗುರುವಾರ ರಾತ್ರಿ ಬಂದು ಬಾಗಿಲಲ್ಲಿ ನಿಂತಿದ್ದನಂತೆ. “ಏನು ಕೇಳಿದಿರಮ್ಮ?” ಎಂದೆವು. “ಏನೂ ಕೇಳ್ಲಿಲ್ಲ ಸ್ವಾಮಿ. ಹಸಿದಿದ್ದ. ಮುದ್ದೆ ಮಾಡಿ ಇಕ್ಕಿದೆ. ಮಾತು ಬೆಳಿಗ್ಗೆ ಆಡಿದ್ರಾಯ್ತು ಅಂದೆ,” ಎಂದರು.

ಪ್ರಿಯರೇ, ನಾವು ಸೆಮಿನರಿಯಲ್ಲಿ ಹಲವು ವರ್ಷ ದೈವಶಾಸ್ತ್ರ ಓದಿದವರು. ಓದು ಬರಹ ಬಾರದ ಆ ತಾಯಿ, ಸಂತ ಲೂಕರ ಹದಿನೈದನೇ ಅಧ್ಯಾಯವನ್ನು ಒಂದು ರಾತ್ರಿ ತಮ್ಮ ಅಡುಗೆಮನೆಯಲ್ಲಿ ನಡೆಸಿ ತೋರಿಸಿದ್ದರು. ಮಾತನ್ನು ನಾಳೆಗೆ ಇಟ್ಟರು, ಊಟವನ್ನು ಇಂದೇ ಬಡಿಸಿದರು. ನಾವು ಹೂವಿನ ಲೆಕ್ಕವನ್ನು ಇಂದಿಗೆ ಇಟ್ಟುಕೊಂಡು, ಮನುಷ್ಯನನ್ನು ನಾಳೆಗೆ ತಳ್ಳಿದ್ದೆವು. ನ್ಯಾಯವಾಗಿ ಕೇಳಿಕೊಂಡು ಬಂದ ವಿಶ್ವಾಸಿಗೆ ಪಾಪನಿವೇದನೆಯ ಅವಕಾಶ ಮಾಡಿಕೊಡುವುದು ಗುರುವಿನ ಕರ್ತವ್ಯವೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಆ ಕಾನೂನು ನಮಗೆ ಗೊತ್ತಿತ್ತು. ಆ ತಾಯಿಗೆ ಗೊತ್ತಿರಲಿಲ್ಲ, ಆದರೆ ಅವರಿಗೆ ಕರುಳಿತ್ತು.

ಈ ‘ಕರುಳು’ ಎಂಬ ಮಾತನ್ನು ನಾವು ಸುಮ್ಮನೆ ಬಳಸುತ್ತಿಲ್ಲ. ಹಳೆಯ ಒಡಂಬಡಿಕೆಯಲ್ಲಿ ದೇವರ ಕರುಣೆಗೆ ಬಳಸಿರುವ ಹೀಬ್ರೂ ಪದಗಳಲ್ಲಿ ‘ರಹಮೀಮ್’ ಒಂದು. ‘ರೆಹೆಮ್’ ಎಂದರೆ ತಾಯಿಯ ಗರ್ಭ. ಅದಕ್ಕೆ ನಂಟಿರುವ ಪದ ಇದು. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ, ದೂರದಲ್ಲಿ ಮಗನನ್ನು ಕಂಡ ತಂದೆಯ ಮನಸ್ಸು ಮರುಗಿತು ಎನ್ನುವಾಗ ಸಂತ ಲೂಕರು ಬಳಸುವ ಕ್ರಿಯಾಪದ, ಹೊಟ್ಟೆಯೊಳಗಿನ ಕರುಳನ್ನು ಸೂಚಿಸುವ ಪದದಿಂದಲೇ ಬಂದದ್ದು. ನಾಯಿನ್ ಊರಿನ ವಿಧವೆಯನ್ನು ಕಂಡ ಯೇಸುವಿಗೂ, ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡ ಸಮಾರಿಯದವನಿಗೂ ಅದೇ ಪದ. ಕನ್ನಡಿಗರಾದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೆತ್ತ ಕರುಳು, ಕರುಳು ಚುರುಕ್ಕೆಂದಿತು, ಕರುಳ ಕುಡಿ ಎಂದು ನಮ್ಮ ಅಜ್ಜಿಯರು ಆಡುತ್ತಿದ್ದ ಮಾತೇ ಇದು. ಕರುಳಿಗೆ ನಾಳೆ ಎಂಬುದು ತಿಳಿಯದು. ಆ ಕತೆಯ ಮಗ ದಾರಿಯುದ್ದಕ್ಕೂ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ತಾನು ಪಾಪ ಮಾಡಿದವನು, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೊಳ್ಳಿ ಎಂದು ಹೇಳಬೇಕೆಂದಿದ್ದ. ಕೂಲಿಯಾಳಿನ ಮಾತು ಬಾಯಿಗೆ ಬರುವ ಮೊದಲೇ ತಂದೆ ಅಂಗಿ, ಉಂಗುರ, ಪಾದರಕ್ಷೆ ತರಿಸಿಯಾಗಿತ್ತು.

ಹಾಗಾದರೆ ಪಾಪ ಅಷ್ಟು ಹಗುರವೇ, ಮಾಡಿದವರು ಸುಖವಾಗಿ ಕ್ಷಮೆ ಪಡೆದರೆ ಅನುಭವಿಸಿದವರ ಗತಿಯೇನು ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆ ಮನೆಯಲ್ಲೇ ಈ ಪ್ರಶ್ನೆ ನಮಗೆ ಎದುರಾಯಿತು. ಒಳಕೋಣೆಯಿಂದ ಸೊಸೆ ಹೊರಬಂದು ನಿಂತರು. ಕ್ಷಮೆಯ ಬಗ್ಗೆ ನಾಲ್ಕು ಮಾತು ಹೇಳಲು ನಾವು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ, “ಸ್ವಾಮಿ, ಅತ್ತೆ ಹೆತ್ತವರು. ನಾನು ಕಟ್ಟಿಕೊಂಡವಳು. ನನಗೆ ಕಾಲ ಬೇಕು,” ಎಂದರು. ನಾವು ಬಾಯಿ ಮುಚ್ಚಿದೆವು.

ಪುನರುತ್ಥಾನಗೊಂಡ ಯೇಸು ಶಾಂತಿಯ ಮಾತನ್ನಾಡಿದ ಮೇಲೆ ಮಾಡಿದ ಕೆಲಸವೇನು? ತಮ್ಮ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದರು. ಮಹಿಮೆಯ ಆ ಶರೀರದಲ್ಲಿ ಮೊಳೆಯ ಗುರುತುಗಳು ಹಾಗೆಯೇ ಇದ್ದವು. ಏನೂ ಆಗಲಿಲ್ಲವೆಂದು ದೇವರು ನಟಿಸುವುದಿಲ್ಲ. ಪಾಪ ಮಾಡಿದ ಗಾಯವನ್ನು ಮುಚ್ಚಿಡದೆ, ಆ ಗಾಯದ ಕೈಯಿಂದಲೇ ಆಶೀರ್ವದಿಸುವುದು ದೇವರ ಕರುಣೆ. ಜಕ್ಕಾಯನೂ ಕ್ಷಮೆ ಸಿಕ್ಕಿತೆಂದು ಕೈತೊಳೆದು ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಎದ್ದು ನಿಂತು ನುಡಿದ. ಕ್ಷಮೆ ಮೊದಲು ಬಂತು, ಲೆಕ್ಕ ತೀರಿಸುವ ಮನಸ್ಸು ಅದರ ಬೆನ್ನಿಗೆ ಬಂತು.

ತೋಮನನ್ನೂ ನೋಡಿರಿ. ಮೊದಲ ಸಂಜೆ ಅವನಿರಲಿಲ್ಲ. ಮಿಕ್ಕವರು ಹೇಳಿದ್ದನ್ನು ನಂಬಲಾರದಷ್ಟು ಅವನ ಮನಸ್ಸು ಮುರಿದಿತ್ತು. ಅವನಿಗೆ ಎಂಟು ದಿನ ಹಿಡಿಯಿತು. ಯೇಸು ಅವನನ್ನು ಗದರಿಸಿ ಹೊರಗಟ್ಟಲಿಲ್ಲ, ಅವನೊಬ್ಬನಿಗಾಗಿ ಮತ್ತೊಮ್ಮೆ ಬಂದರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಕ್ಷಮೆ ಬೇಡಿ ಬಂದವನನ್ನು ಕಾಯಿಸಬಾರದು. ಆದರೆ ನೊಂದವರನ್ನು, ಈಗಲೇ ಕ್ಷಮಿಸಿಬಿಡು ಎಂದು ಅವಸರಪಡಿಸಲೂಬಾರದು. ಕುಡಿದು ಹೊಡೆಯುವ ಗಂಡನ ಏಟಿಗೆ ಮತ್ತೆ ಬೆನ್ನೊಡ್ಡು ಎಂದು ಹೆಣ್ಣುಮಗಳಿಗೆ ಹೇಳುವುದು ಕರುಣೆಯ ಉಪದೇಶವಲ್ಲ. ಗಾಯ ಮಾಯಲು ಕಾಲ ಬೇಕು, ಆ ಕಾಲವನ್ನೂ ದೇವರೇ ಕೊಡುತ್ತಾರೆ.

ನಮ್ಮ ದೇಶದಲ್ಲೇ ಇದಕ್ಕೊಂದು ಸಾಕ್ಷಿಯಿದೆ. ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಕನ್ಯಾಸ್ತ್ರೀ. ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರು, ಆದಿವಾಸಿಗಳು ಬಡ್ಡಿ ಸಾಲದ ಉರುಳಿನಿಂದ ಬಿಡಿಸಿಕೊಳ್ಳಲು ಅವರು ನೆರವಾದರು. ಅದು ಕೆಲವರ ಕಣ್ಣು ಕೆಂಪಾಗಿಸಿತು. 1995ರ ಫೆಬ್ರವರಿ 25ರಂದು ಅವರು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲೇ ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಚಾಕುವಿನಿಂದ ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಏಳು ವರ್ಷಗಳ ಮೇಲೆ, 2002ರ ಆಗಸ್ಟ್ ತಿಂಗಳಲ್ಲಿ, ರಾಣಿ ಮರಿಯರ ಸ್ವಂತ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಇಂದೋರಿನ ಸೆರೆಮನೆಗೆ ಹೋಗಿ, ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿ ಅಣ್ಣನೆಂದು ಕರೆದರು. ಅವನ ಬಿಡುಗಡೆಗೆ ಆ ಕುಟುಂಬವೇ ಒಪ್ಪಿಗೆ ನೀಡಿತು. 2006ರಲ್ಲಿ ಹೊರಬಂದ ಅವನು ಮುಂದೆ ಕೇರಳಕ್ಕೆ ಹೋಗಿ ಆ ತಾಯಿತಂದೆಯರ ಕ್ಷಮೆ ಕೇಳಿದ. ಅವರು ಅವನನ್ನು ಮನೆಯೊಳಕ್ಕೆ ಬರಮಾಡಿಕೊಂಡರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಧರ್ಮಸಭೆ ಪುನೀತರೆಂದು ಘೋಷಿಸಿತು. ಆ ಏಳು ವರ್ಷಗಳನ್ನು ಮರೆಯಬೇಡಿರಿ. ಆ ತಂಗಿಗೂ ಆ ತಾಯಿಗೂ ಅವು ಸುಲಭದ ವರ್ಷಗಳಾಗಿರಲಿಲ್ಲ. ಆದರೆ ಅವರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಲಿಲ್ಲ. ಬಾಗಿಲ ಹಿಂದೆ ನಿಂತು, ತೆರೆಯುವ ಬಲಕ್ಕಾಗಿ ಪ್ರಾರ್ಥಿಸಿದರು.

ಇಂದಿನ ಹಬ್ಬವೂ ಇದನ್ನೇ ಸಾರುತ್ತದೆ. ಪೋಲೆಂಡ್ ದೇಶದ ಬಡ ರೈತ ಕುಟುಂಬದಲ್ಲಿ 1905ರಲ್ಲಿ ಹುಟ್ಟಿದ ಸಂತ ಫೌಸ್ತಿನಾ ಕೋವಾಲ್ಸ್ಕಾ ಹೆಚ್ಚು ಓದಿದವರಲ್ಲ. ಮಠದಲ್ಲಿ ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ ಅವರದು. 1931ರಲ್ಲಿ ಯೇಸುಸ್ವಾಮಿ ದರ್ಶನ ನೀಡಿ, ತಮ್ಮ ಹೃದಯದಿಂದ ಕೆಂಪು ಮತ್ತು ಬಿಳುಪು ಕಿರಣಗಳು ಹೊರಡುತ್ತಿರುವಂತೆ ಚಿತ್ರ ಬರೆಸಲು ತಿಳಿಸಿದರೆಂದು ಅವರು ದಿನಚರಿಯಲ್ಲಿ ಬರೆದಿಟ್ಟರು. ಈಟಿಯಿಂದ ತಿವಿದಾಗ ಪಕ್ಕೆಯಿಂದ ಹರಿದ ರಕ್ತ ಮತ್ತು ನೀರಿನ ಗುರುತು ಅದು. 1938ರಲ್ಲಿ, ಮೂವತ್ತಮೂರನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. 2000ನೇ ಇಸವಿಯ ಏಪ್ರಿಲ್ 30ರಂದು ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಸಂತಪದವಿಗೇರಿಸಿ, ಪಾಸ್ಖದ ಎರಡನೇ ಭಾನುವಾರವನ್ನು ದೈವಕರುಣೆಯ ಭಾನುವಾರವೆಂದು ಸಾರಿದರು. ಅದೇ ಜಗದ್ಗುರುಗಳು 2005ರ ಏಪ್ರಿಲ್ 2ರಂದು, ಈ ಹಬ್ಬದ ಹಿಂದಿನ ಸಂಜೆ, ಪ್ರಭುವಿನ ಬಳಿ ಸೇರಿದರು. ನಮ್ಮ ಅನೇಕ ಮನೆಗಳಲ್ಲಿ ಆ ಕರುಣಾಮಯ ಯೇಸುವಿನ ಚಿತ್ರವಿದೆ. ಚಿತ್ರದ ಕೆಳಗೆ, ಯೇಸುವಿನಲ್ಲಿ ಭರವಸೆಯಿಡುತ್ತೇನೆ ಎಂಬರ್ಥದ ಬರಹವಿದೆ. ಗೋಡೆಯ ಮೇಲೆ ಆ ಬರಹವಿಟ್ಟುಕೊಂಡ ನಾವು, ಬಾಗಿಲ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಬರಹವನ್ನು ಬರೆದುಕೊಂಡಿದ್ದೇವೆಯೇ ಎಂದು ಇಂದು ಕೇಳಿಕೊಳ್ಳೋಣ.

ಜಮೀನಿನ ಪಾಲಿನ ಜಗಳದಲ್ಲಿ ಅಣ್ಣತಮ್ಮಂದಿರು ಒಂದೇ ದೇವಾಲಯದ ಎರಡು ಬಾಗಿಲುಗಳಿಂದ ಒಳಬಂದು ಪರಮಪ್ರಸಾದ ಸ್ವೀಕರಿಸುತ್ತಿಲ್ಲವೇ? ಮನಸ್ಸಿಗೆ ಬಾರದ ಮದುವೆ ಮಾಡಿಕೊಂಡಳೆಂದು ದೂರವಾದ ಮಗಳ ಮಗುವಿಗೆ ಈಗ ಎಷ್ಟು ವಯಸ್ಸೆಂದು ತಿಳಿಯದ ಅಜ್ಜ ಅಜ್ಜಿಯರು ನಮ್ಮಲ್ಲಿಲ್ಲವೇ? ಸೆರೆಮನೆಯಿಂದ ಬಂದವನು, ಕುಡಿತ ಬಿಟ್ಟು ಬಂದವನು ಬೆಂಚಿನಲ್ಲಿ ಬಂದು ಕುಳಿತಾಗ ಮೆಲ್ಲನೆ ಪಕ್ಕಕ್ಕೆ ಸರಿಯುವವರು ನಾವಲ್ಲವೇ? ಯಾರೂ ಅವರಿಗೆ ‘ಬರಬೇಡ’ ಅನ್ನುವುದಿಲ್ಲ. ನೋಡೋಣ, ಸ್ವಲ್ಪ ದಿನ ಹೋಗಲಿ ಅನ್ನುತ್ತೇವೆ. ಹೀಗೆನ್ನುತ್ತಲೇ ಒಬ್ಬರ ಶವಪೆಟ್ಟಿಗೆಯ ಪಕ್ಕ ಇನ್ನೊಬ್ಬರು ನಿಂತು ಅಳುವುದನ್ನು ಗುರುಗಳಾದ ನಾವು ಸ್ಮಶಾನದಲ್ಲಿ ಎಷ್ಟೋ ಬಾರಿ ಕಂಡಿದ್ದೇವೆ.

ಆ ಗಾರೆ ಕೆಲಸದವನ ಕತೆ ಪೂರ್ತಿಯಾಗಲಿಲ್ಲ. ತಾಯಿಯ ಬಳಿಯಿದ್ದ ಮೇಸ್ತ್ರಿಯ ನಂಬರಿಗೆ ನಾವೇ ಫೋನ್ ಮಾಡಿದೆವು. ಮಳೆಗಾಲದ ಒಂದು ಸೋಮವಾರ ಅವನು ನೆನೆದುಕೊಂಡೇ ಬಂದ. ಪಾಪನಿವೇದನೆಗೆ ಕೂರುವ ಮೊದಲು ಜಗಲಿಯಲ್ಲೇ, “ಅವತ್ತು ನಿನ್ನನ್ನು ಕಳಿಸಬಾರದಿತ್ತಪ್ಪ, ನಮ್ಮನ್ನು ಕ್ಷಮಿಸು,” ಎಂದೆವು. ಅವನು ಗಾಬರಿಯಾಗಿ, “ಬಿಡಿ ಸ್ವಾಮಿ, ಹದಿನಾರು ವರ್ಷ ದೇವರಿಗೆ ನಾಳೆ ಬಾ ಅಂತ ಹೇಳಿದವನು ನಾನು,” ಎಂದ. ಆಮೇಲೆ ಒಳಗೆ ನಡೆದದ್ದು ಅವನಿಗೂ ದೇವರಿಗೂ ಸೇರಿದ್ದು. ಅವನು ತಿಂಗಳು ತಿಂಗಳು ಮನೆಗೆ ಹಣ ಕಳಿಸತೊಡಗಿದ. ಹಬ್ಬಕ್ಕೆ ಬಂದರೆ ಜಗಲಿಯಲ್ಲಿ ಮಲಗುತ್ತಿದ್ದ. ನಮಗೆ ವರ್ಗವಾಗುವ ಹೊತ್ತಿಗೆ ಹೆಂಡತಿ ಅವನಿಗೆ ಊಟ ಬಡಿಸುತ್ತಿದ್ದರು, ಮಾತು ಇನ್ನೂ ಆಡಿರಲಿಲ್ಲ. ಆ ಮನೆಯಲ್ಲಿ ದೇವರ ಕೆಲಸ ನಡೆಯುತ್ತಿತ್ತು.

ಪ್ರಿಯ ಸಹೋದರ ಸಹೋದರಿಯರೇ, ಇಂದು ಪೂಜೆಯ ನಂತರ ನಾವು ಪಾಪನಿವೇದನೆಯ ಪೀಠದಲ್ಲಿ ಕುಳಿತಿರುತ್ತೇವೆ. ಎಷ್ಟೇ ವರ್ಷವಾಗಿರಲಿ, ಮಾತು ಹೇಗೆ ಆರಂಭಿಸಬೇಕೆಂದು ಮರೆತುಹೋಗಿರಲಿ, ಬನ್ನಿರಿ. ಮರೆತದ್ದನ್ನು ನಾವು ಹೇಳಿಕೊಡುತ್ತೇವೆ. ಮನೆಗೆ ಹೋದ ಮೇಲೆ, ದೂರವಾದ ಒಬ್ಬರಿಗಾದರೂ ಒಂದು ಫೋನ್ ಮಾಡಿರಿ. ಅಷ್ಟು ಬಲ ಇಂದು ಇಲ್ಲದಿದ್ದರೆ, ಆ ಬಲಕ್ಕಾಗಿ ಒಂದು ಪ್ರಾರ್ಥನೆಯನ್ನಾದರೂ ಇಂದೇ ಆರಂಭಿಸಿರಿ.

ಕರುಣಾಮಯರಾದ ಪ್ರಭುವೇ, ಮುಚ್ಚಿದ ಬಾಗಿಲುಗಳನ್ನು ದಾಟಿ ಬರುವವರು ನೀವು. ನಮ್ಮ ಬಾಗಿಲುಗಳ ಮೇಲಿನ ಹಳೆಯ ಬರಹವನ್ನು ನಿಮ್ಮ ಗಾಯದ ಕೈಗಳಿಂದ ಅಳಿಸಿರಿ. ಬೇಡಿ ಬಂದವರಿಗೆ ನಾವು ಇಂದೇ ಬಾಗಿಲು ತೆರೆಯುವಂತಾಗಲಿ. ನೊಂದವರಿಗೆ ನಿಮ್ಮ ಶಾಂತಿ ದೊರಕಲಿ. ಆಮೆನ್.